ಲ್ಯಾಬ್ ಇಲಿ ಕಚ್ಚಿದೆ, ಇಲಿ ಚೆನ್ನಾಗೇ ಇದೆ. ಡಾಕ್ಟರ ಹತ್ತಿರ ಹೋಗಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಎಂ.ಫಾರ್ಮ್ ವಿದ್ಯಾರ್ಥಿನಿ. ಇವತ್ತು ಬೆಳಿಗ್ಗೆ ಬಾಯಿಗೆ ಔಷಧಿ ಹಾಕುವಾಗ ವಿಸ್ಟಾರ್ ತಳಿಯ ಲ್ಯಾಬ್ ಇಲಿಯೊಂದು ಬೆರಳು ಕಚ್ಚಿತು. ರಕ್ತ ಬಂತು, ಸೋಪು ಹಾಕಿ ತೊಳೆದೆ. ಇಲಿ ತಿಂದುಕೊಂಡು ಚುರುಕಾಗಿದೆ. "ಲ್ಯಾಬ್ ಇಲಿ ಅಲ್ವಾ, ಏನೂ ಆಗಲ್ಲ" ಅಂತಾರೆ ಸೀನಿಯರ್‌ಗಳು. ರೇಬೀಸ್ ಇಂಜೆಕ್ಷನ್ ಬೇಕಾ?

ಉತ್ತರ (ಲ್ಯಾಬ್ ಪ್ರಾಣಿಗಳ ಪಶುವೈದ್ಯೆ): ತಕ್ಷಣ ತೊಳೆದದ್ದು ಒಳ್ಳೆಯದಾಯಿತು. ಇವತ್ತೇ ಡಾಕ್ಟರಿಗೆ ತೋರಿಸಿ. ಟೆಟನಸ್ ಇಂಜೆಕ್ಷನ್ ಬೇಕೋ ಅಂತ ಕೇಳಿ. ಒಳಗೇ ಹುಟ್ಟಿ ಬೆಳೆದ ಲ್ಯಾಬ್ ಇಲಿಯಿಂದ ರೇಬೀಸ್ ಬರುವ ಭಯ ತೀರಾ ಕಡಿಮೆ, ಆದರೂ ತೀರ್ಮಾನ ಅವರದೇ.

ನನಗೆ ಚಿಂತೆ ಇರುವುದು ಬೇರೆಯದರ ಬಗ್ಗೆ. ಸ್ಟ್ರೆಪ್ಟೊಬ್ಯಾಸಿಲಸ್ ಮೊನಿಲಿಫಾರ್ಮಿಸ್ ಅನ್ನುವ ಬ್ಯಾಕ್ಟೀರಿಯಾ ಇಲಿಗಳ ಮೂಗು, ಗಂಟಲಲ್ಲಿ ಸಹಜವಾಗಿ ಇರಬಹುದು. ಇಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾಗಾಗಿ ಇಲಿ ಚುರುಕಾಗಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ನಮಗೆ ತಗುಲಿದರೆ ಇಲಿಕಡಿತದ ಜ್ವರ ಬರುತ್ತದೆ. ಸಾಮಾನ್ಯವಾಗಿ 3ರಿಂದ 10 ದಿನದಲ್ಲಿ, ಕೆಲವೊಮ್ಮೆ 3 ವಾರಕ್ಕೆ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಇಲಿ ಕಚ್ಚಿದ್ದೇ ಮರೆತುಹೋಗಿರುತ್ತದೆ. ಚಳಿಜ್ವರ, ಕೀಲುನೋವು, ಅಂಗೈ ಅಂಗಾಲಿನಲ್ಲಿ ಗುಳ್ಳೆ. ನಮ್ಮ ಕಡೆ ಇದನ್ನು ಡೆಂಗಿ, ಚಿಕೂನ್‌ಗುನ್ಯಾ ಅಂದುಕೊಂಡುಬಿಡುವುದು ಸುಲಭ. ಪೆನಿಸಿಲಿನ್‌ಗೆ ಚೆನ್ನಾಗಿ ಬಗ್ಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಸುಮಾರು 10ರಲ್ಲಿ ಒಬ್ಬರು ಉಳಿಯುವುದಿಲ್ಲ. ಅದಕ್ಕೇ ಜ್ವರ ಬಂದರೆ ಮೊದಲ ಮಾತೇ "ಇಲಿ ಕಚ್ಚಿತ್ತು" ಅಂತಿರಲಿ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಬಾಟಲಿಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕುವ ಎಸ್‌ಪಿಎಸ್ ಅನ್ನುವ ರಾಸಾಯನಿಕ ಇದೇ ಬ್ಯಾಕ್ಟೀರಿಯಾವನ್ನು ಬೆಳೆಯಲು ಬಿಡುವುದಿಲ್ಲ. ರಿಪೋರ್ಟ್ ನೆಗೆಟಿವ್ ಬಂತು ಅಂತ ನಿಶ್ಚಿಂತೆ ಆಗಬೇಡಿ. ಏನನ್ನು ಹುಡುಕಬೇಕು ಅಂತ ರಕ್ತ ಪರೀಕ್ಷೆ ಮಾಡುವ ಲ್ಯಾಬಿಗೆ ಮೊದಲೇ ಹೇಳಿಸಿ.

ಗುಂಪಿನ ಇನ್ನೊಬ್ಬರು: ಮೇಡಂ, ಲ್ಯಾಬ್ ಇಲಿಗಳು ಶುದ್ಧವಾಗಿರುವುದಿಲ್ವಾ? ನಮ್ಮಲ್ಲಿ ಇಲಿ (ರ್ಯಾಟ್), ಮೈಸ್ (ಸಣ್ಣ ಜಾತಿಯ ಇಲಿ) ಒಂದೇ ರೂಮಿನಲ್ಲಿವೆ.

ಉತ್ತರ: ತಡೆಗೋಡೆಯೊಳಗೆ ಬೆಳೆಸಿ, ನಿಯಮಿತವಾಗಿ ಪರೀಕ್ಷೆ ಮಾಡುವ ಕಾಲೊನಿಗಳಲ್ಲಿ ಇದು ಅಪರೂಪ. ಆದರೆ ಅಲ್ಲಿ ಪರೀಕ್ಷೆ ಮಾಡುವ ರೋಗಾಣುಗಳ ಪಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಬೇಕು. ಆರೋಗ್ಯ ವರದಿ ಕೇಳದೆ ಸುಮ್ನೆ "ಎಸ್‌ಪಿಎಫ್" (ನಿರ್ದಿಷ್ಟ ರೋಗಾಣುಗಳಿಲ್ಲದ್ದು) ಅನ್ನುವ ಚೀಟಿ ನಂಬಬೇಡಿ. ಹೊರಗಿನ ಇಲಿ ಒಳಗೆ ನುಗ್ಗುವ, ಫೀಡ್ ಚೀಲ ಬಾಯಿ ಬಿಟ್ಟುಕೊಂಡಿರುವ ಅನಿಮಲ್ ಹೌಸ್‌ನಲ್ಲಿ ಯಾವ ಚೀಟಿಯೂ ಹೆಚ್ಚು ದಿನ ಬಾಳದು.

ಇಲಿ, ಮೈಸ್‌ಗಳನ್ನು ಬೇರೆ ಮಾಡಿ. ಇಲಿ ಆರಾಮಾಗಿ ಹೊತ್ತು ತಿರುಗುವ ಇದೇ ಬ್ಯಾಕ್ಟೀರಿಯಾದಿಂದ ಮೈಸ್‌ಗೆ ಕೀಲು ಊದುತ್ತದೆ, ಸಾಯುವುದೂ ಉಂಟು. ಅದರಲ್ಲೂ ಸಿ57 ಬ್ಲ್ಯಾಕ್ 6 ತಳಿ ಬೇಗ ತುತ್ತಾಗುತ್ತದೆ, ಬ್ಯಾಲ್ಬ್-ಸಿ ತಡೆದುಕೊಳ್ಳುತ್ತದೆ. ಮೊಲ, ಗಿನಿಪಿಗ್ ಕಥೆಯೂ ಹೀಗೇ. ಮೊಲದ ಮೂಗಿನಲ್ಲಿ ತಣ್ಣಗಿರುವ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಪ್ರಶ್ನೆ ಕೇಳಿದವರು: ಈಗಲೇ ಹೊರಟೆ ಮೇಡಂ. ನನಗೆ ಪೆನಿಸಿಲಿನ್ ಅಲರ್ಜಿ ಇದೆ.

ಉತ್ತರ: ಅದನ್ನು ಕೂತ ಕೂಡಲೇ ಡಾಕ್ಟರಿಗೆ ಹೇಳಿ. ಬದಲಿಗೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಕಚ್ಚಿದ್ದನ್ನು ಅನಿಮಲ್ ಹೌಸ್ ರಿಜಿಸ್ಟರಿನಲ್ಲಿ ತಾರೀಕು, ಪಂಜರದ ನಂಬರ್ ಸಮೇತ ಬರೆಸಿ.