ಟ್ಯಾಬ್ಲೆಟ್‌ಗೆ ವಾಟ್ಸ್‌ಆ್ಯಪ್ ಕರೆ ಬಂದಾಗ ರಿಂಗ್ ಆಗುವುದಿಲ್ಲ, ಆಮೇಲೆ ‘ಮಿಸ್ಡ್ ಕಾಲ್’ ಎಂದು ತೋರಿಸುತ್ತದೆ

ಪ್ರಶ್ನೆ: ತುಂಗೆಯ ದಡದವ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಬೇಕಿದ್ದರೆ ಕಣದ ತುದಿಗೆ ಹೋಗಿ ನಿಲ್ಲಬೇಕು. ಆದ್ದರಿಂದ ಕಳೆದ ಜೂನ್‌ನಲ್ಲಿ ಮಗಳು ಬ್ರಾಡ್‌ಬ್ಯಾಂಡ್ ಹಾಕಿಸಿ, ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಕೊಡಿಸಿ, ಅದರಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಟ್ಟು ಡಬ್ಲಿನ್‌ಗೆ ಮರಳಿದಳು. ಸಿಮ್ ಇರುವುದು ನನ್ನ ಹಳೆಯ ಕೀಪ್ಯಾಡ್ ಫೋನಿನಲ್ಲಿ. ಓಟಿಪಿ ಬಂದದ್ದೂ ಅದಕ್ಕೇ. ಟ್ಯಾಬ್ಲೆಟ್‌ನಲ್ಲಿರುವುದು ವೈ-ಫೈ ಮಾತ್ರ.

ಮೊದಲ ನಾಲ್ಕು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಅಕ್ಟೋಬರ್ ಕೊನೆಯಿಂದೀಚೆಗೆ ಮಗಳು ಕರೆ ಮಾಡಿದರೆ ಟ್ಯಾಬ್ಲೆಟ್ ಸದ್ದೇ ಮಾಡುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ವಾಟ್ಸ್‌ಆ್ಯಪ್ ತೆರೆದಾಗ ‘ಮಿಸ್ಡ್ ವಿಡಿಯೊ ಕಾಲ್’ ಎಂಬುದು ಒಂದರ ಕೆಳಗೊಂದು ಬಂದು ಕೂರುತ್ತದೆ. ಅವಳು ವಾರದ ದಿನಗಳಲ್ಲಿ ಕೆಲಸ ಮುಗಿಸಿ ಬಂದು ಅಲ್ಲಿಯ ಸಂಜೆ ಆರಕ್ಕೂ, ಭಾನುವಾರ ಅಲ್ಲಿಯ ಬೆಳಿಗ್ಗೆಯೂ ಕರೆ ಮಾಡುತ್ತಾಳೆ. ಎರಡು ಹೊತ್ತಿನಲ್ಲೂ ಇದೇ ಕತೆ. ಟ್ಯಾಬ್ಲೆಟ್ ನನ್ನ ಕೈಯಲ್ಲಿರುವಾಗ ಮಾತ್ರ ಒಂದೆರಡು ಬಾರಿ ಚೆನ್ನಾಗಿ ರಿಂಗ್ ಆಗಿದೆ. ಯಕ್ಷಗಾನದ ವಿಡಿಯೊ ಹಾಕಿದರೆ ಅಡುಗೆಮನೆಯವರೆಗೂ ಕೇಳಿಸುತ್ತದೆಯಾದ್ದರಿಂದ ಸ್ಪೀಕರ್ ಕೆಟ್ಟಿಲ್ಲವೆಂದು ನನ್ನ ಊಹೆ. ಪೇಟೆಯ ಅಂಗಡಿಯ ಹುಡುಗ ಫ್ಯಾಕ್ಟರಿ ರೀಸೆಟ್ ಮಾಡಿಕೊಡುತ್ತೇನೆ ಎನ್ನುತ್ತಿದ್ದಾನೆ. ಮೊಮ್ಮಗುವಿನ ಫೋಟೊಗಳೂ ಹಳೆಯ ಸಂದೇಶಗಳೂ ಹೋದಾವೆಂಬ ಭಯದಿಂದ ನಾನು ಒಪ್ಪಿಲ್ಲ. ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಹುಬ್ಬಳ್ಳಿಯ ಓದುಗ

ಮೇಷ್ಟರೇ, ವಿಡಿಯೊದ ಸದ್ದು ಜೋರಾಗಿದೆಯೆಂದ ಮಾತ್ರಕ್ಕೆ ರಿಂಗಿನ ಸದ್ದೂ ಜೋರಾಗಿರಬೇಕೆಂದೇನಿಲ್ಲ. ಆಂಡ್ರಾಯ್ಡ್‌ನಲ್ಲಿ ಮೀಡಿಯ, ರಿಂಗ್, ಅಲಾರಂ ಇವುಗಳಿಗೆ ಬೇರೆ ಬೇರೆ ಪಟ್ಟಿಗಳಿವೆ. ವಿಡಿಯೊ ಓಡುತ್ತಿರುವಾಗ ಪಕ್ಕದ ಗುಂಡಿ ಒತ್ತಿದರೆ ಏರುವುದು ಮೀಡಿಯದ ಪಟ್ಟಿಯೊಂದೇ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗಕ್ಕೆ ಹೋಗಿ ಎಲ್ಲವನ್ನೂ ಒಮ್ಮೆ ನೋಡಿ. ಹಾಗೆಯೇ ವಾಟ್ಸ್‌ಆ್ಯಪ್‌ನೊಳಗಿನ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್, ಕಾಲ್ಸ್ ಎಂಬಲ್ಲಿ ರಿಂಗ್‌ಟೋನ್ ‘ನನ್’ (ಯಾವುದೂ ಇಲ್ಲ) ಎಂದಿದ್ದರೆ ಬೇರೊಂದನ್ನು ಆರಿಸಿ.

ಇನ್ನೊಂದು ಅನುಮಾನ: 2023ರ ಜೂನ್‌ನಲ್ಲಿ ವಾಟ್ಸ್‌ಆ್ಯಪ್‌ಗೆ ಅಪರಿಚಿತರ ಕರೆಗಳನ್ನು ಮೌನವಾಗಿಸುವ ಸೌಲಭ್ಯ ಬಂತು. ಅದು ಆನ್ ಆಗಿದ್ದರೆ, ಕಾಂಟ್ಯಾಕ್ಟ್‌ನಲ್ಲಿ ಇಲ್ಲದ ಸಂಖ್ಯೆಯ ಕರೆಗಳು ರಿಂಗ್ ಆಗದೆ ಕರೆಗಳ ಪಟ್ಟಿಯಲ್ಲಿ ಮಾತ್ರ ಕಾಣುತ್ತವೆ. ಮಗಳ ಐರ್ಲೆಂಡಿನ ಸಂಖ್ಯೆಯನ್ನು +353 ಸೇರಿಸಿ, ಅಲ್ಲಿಯವರು ಮೊದಲಿಗೆ ಹಚ್ಚುವ ಸೊನ್ನೆಯನ್ನು ಬಿಟ್ಟು ಉಳಿಸಿಕೊಂಡಿದ್ದೀರಾ? ಸೊನ್ನೆಯೊಂದಿಗೆ ಹಾಗೆಯೇ ಬರೆದುಕೊಂಡಿದ್ದರೆ ಆ್ಯಪ್‌ಗೆ ಅದು ಮಗಳೆಂದು ಗುರುತೇ ಸಿಗುವುದಿಲ್ಲ.

ಉತ್ತರ: ಬೆಸುಗೆ ಕಡ್ಡಿ, ಬೆಂಗಳೂರು

ಮೇಲಿನವರು ಹೇಳಿದ್ದನ್ನೆಲ್ಲ ನೋಡಿ. ಐದು ನಿಮಿಷದ ಕೆಲಸ. ಆದರೆ ‘ಕೈಯಲ್ಲಿರುವಾಗ ಚೆನ್ನಾಗಿ ರಿಂಗ್ ಆಗಿದೆ’ ಎಂದು ತಾವೇ ಬರೆದಿರುವುದರಿಂದ, ಸದ್ದಿನ ಪಟ್ಟಿಯಲ್ಲಾಗಲಿ ಸಂಖ್ಯೆಯಲ್ಲಾಗಲಿ ದೋಷವಿರಲಾರದೆಂದು ನನಗೆ ಅನ್ನಿಸುತ್ತದೆ. ರೀಸೆಟ್ ಅಂತೂ ಸದ್ಯಕ್ಕೆ ಬೇಡ. ರಿಪೇರಿಯವರು ಕಾರಣ ಹುಡುಕುವ ವ್ಯವಧಾನವಿಲ್ಲದಾಗ ಹೇಳುವ ಮಾತು ಅದು. ಹದಿನೈದು ವರ್ಷ ಆ ಕಸುಬು ಮಾಡಿದವನಾಗಿ ಇದನ್ನು ಹೇಳುವ ಸಲಿಗೆ ತೆಗೆದುಕೊಳ್ಳುತ್ತೇನೆ.

ಇಂಥ ದೂರು ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕರೆಯು ಟ್ಯಾಬ್ಲೆಟ್‌ವರೆಗೆ ಬಂದು ಸದ್ದು ಮಾಡದೆ ಹೋಯಿತೋ, ಅಥವಾ ಬರಲೇ ಇಲ್ಲವೋ? ಎರಡಕ್ಕೂ ಮದ್ದು ಬೇರೆ. ಅದನ್ನು ತಿಳಿಯಲು ಟ್ಯಾಬ್ಲೆಟ್ ಬಿಚ್ಚಬೇಕಾಗಿಲ್ಲ. ಮಗಳ ಫೋನಿನ ಪರದೆಯನ್ನು ನೋಡಿದರೆ ಸಾಕು. ವಾಟ್ಸ್‌ಆ್ಯಪ್ ಕರೆ ಮಾಡಿದವರ ಪರದೆಯಲ್ಲಿ ಮೊದಲು ‘ಕಾಲಿಂಗ್’ ಎಂದು ಬರುತ್ತದೆ. ಈ ಕಡೆಯ ಸಾಧನಕ್ಕೆ ಕರೆ ಮುಟ್ಟಿದ ಮೇಲಷ್ಟೇ ಅದು ‘ರಿಂಗಿಂಗ್’ ಎಂದು ಬದಲಾಗುತ್ತದೆ. ತಮ್ಮ ವಾಟ್ಸ್‌ಆ್ಯಪ್ ಬೇರೆ ಯಾವ ಸಾಧನದಲ್ಲೂ ಇಲ್ಲವಾದ್ದರಿಂದ ಈ ಗುರುತನ್ನು ಪೂರ್ತಿ ನಂಬಬಹುದು.

ಕರೆ ಮುಟ್ಟದೇ ಇದ್ದರೆ ನನ್ನ ಮೊದಲ ಅನುಮಾನ ಬ್ಯಾಟರಿ ಉಳಿತಾಯದ ವ್ಯವಸ್ಥೆಯ ಮೇಲೆ. 2015ರ ಆಂಡ್ರಾಯ್ಡ್ 6.0ರಲ್ಲಿ ‘ಡೋಜ್’ ಎಂಬುದು ಬಂತು. ಚಾರ್ಜರ್ ಇಲ್ಲದೆ, ಪರದೆ ಆರಿ, ಅಲುಗಾಡದೆ ಕೆಲವು ಹೊತ್ತು ಬಿದ್ದಿರುವ ಸಾಧನವು ಆ್ಯಪ್‌ಗಳ ಇಂಟರ್ನೆಟ್ ಬಳಕೆಯನ್ನು ತಡೆದು ತೂಕಡಿಸಲು ತೊಡಗುತ್ತದೆ. ಜೇಬಿನಲ್ಲಿ ಓಡಾಡುವ ಫೋನು ಅಷ್ಟು ಸುಲಭವಾಗಿ ಆ ಗಾಢ ನಿದ್ದೆಗೆ ಜಾರುವುದಿಲ್ಲ. ಮೇಜಿನ ಮೇಲೆ ದಿನವಿಡೀ ಮಲಗಿರುವ ಟ್ಯಾಬ್ಲೆಟ್‌ಗೆ ಅದೇ ಸಹಜ ಸ್ಥಿತಿ. ಗೂಗಲ್‌ನ ಪುಶ್ ಸೇವೆಯ (ಹೊರಗಿನ ಕರೆ, ಸಂದೇಶಗಳ ಸುದ್ದಿಯನ್ನು ಆ್ಯಪ್‌ಗೆ ಮುಟ್ಟಿಸುವ ವ್ಯವಸ್ಥೆಯ) ಮೂಲಕ ‘ಇದು ತುರ್ತು’ ಎಂಬ ಗುರುತಿನೊಂದಿಗೆ ಬಂದ ಕರೆಯು ಆ ನಿದ್ದೆಯಿಂದಲೂ ಎಬ್ಬಿಸಬೇಕು ಎಂಬುದು ನಿಯಮ. ಆದರೆ ತಯಾರಕರು ಅದರ ಮೇಲೆ ತಮ್ಮದೇ ಇನ್ನಷ್ಟು ಬಿಗಿಯಾದ ಉಳಿತಾಯ ಕ್ರಮಗಳನ್ನು ಹೇರುವುದುಂಟು, ತೊಂದರೆ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಆದ್ದರಿಂದ ಭಾನುವಾರ ಮಗಳೊಂದಿಗೆ ಮಾತಾಡಿಕೊಂಡು ಎರಡು ಪರೀಕ್ಷೆ ಮಾಡಿ. ಎಂದಿನಂತೆ ಟ್ಯಾಬ್ಲೆಟ್ ಬಳಸಿ ಇಟ್ಟು, ಚಾರ್ಜರ್ ಹಾಕದೆ ಒಂದು ಗಂಟೆ ಬಿಟ್ಟು ಕರೆ ಮಾಡಿಸಿ. ಮತ್ತೆ ಹಾಗೆಯೇ ಬಳಸಿ ಇಟ್ಟು, ಚಾರ್ಜರ್ ಹಾಕಿ ಒಂದು ಗಂಟೆ ಬಿಟ್ಟು ಮಾಡಿಸಿ. ಚಾರ್ಜರ್‌ನಲ್ಲಿದ್ದಾಗ ಡೋಜ್ ಕೆಲಸ ಮಾಡುವುದಿಲ್ಲ. ಹಾಕಿದಾಗ ರಿಂಗ್ ಆಗಿ, ತೆಗೆದಾಗ ಆಗದಿದ್ದರೆ ಕಳ್ಳ ಸಿಕ್ಕಂತೆ.

ತುಂಗೆಯ ದಡದವ

ಇಬ್ಬರಿಗೂ ವಂದನೆಗಳು. ಸದ್ದಿನ ಪಟ್ಟಿಗಳೆಲ್ಲ ತುಂಬಿವೆ, ರಿಂಗ್‌ಟೋನ್ ಇದೆ, ಮಗಳ ಸಂಖ್ಯೆಯೂ +353 ಎಂದೇ ಇದೆ.

ಭಾನುವಾರ ಪರೀಕ್ಷೆ ಮಾಡಿದೆವು. ಮಗಳ ಪರದೆಯಲ್ಲಿ ಕೊನೆಯವರೆಗೂ ‘ಕಾಲಿಂಗ್’ ಎಂದೇ ಇತ್ತಂತೆ, ‘ರಿಂಗಿಂಗ್’ ಬರಲಿಲ್ಲ. ಚಾರ್ಜರ್ ಹಾಕಿದರೂ ಹಾಗೆಯೇ, ತೆಗೆದರೂ ಹಾಗೆಯೇ. ಕಳ್ಳ ಸಿಗಲಿಲ್ಲವೆಂದು ಕಾಣುತ್ತದೆ. ವಿಚಿತ್ರವೆಂದರೆ, ನಾನು ವಾಟ್ಸ್‌ಆ್ಯಪ್ ತೆರೆದ ಮರುಕ್ಷಣವೇ ಎರಡು ಮಿಸ್ಡ್ ಕಾಲ್‌ಗಳೂ ಮೂರು ಸಂದೇಶಗಳೂ ಒಟ್ಟಿಗೆ ಬಂದವು. ತೆರೆಯುವವರೆಗೆ ಒಂದರ ಸುಳಿವೂ ಇರಲಿಲ್ಲ.

ಉತ್ತರ: ಬೆಸುಗೆ ಕಡ್ಡಿ, ಬೆಂಗಳೂರು

ಕಳ್ಳ ಸಿಗದಿದ್ದರೂ ಹೆಜ್ಜೆಗುರುತು ಸಿಕ್ಕಿತು. ಡೋಜ್ ಆಗಿದ್ದರೆ ಪರದೆ ಹೊತ್ತಿದೊಡನೆ, ವಾಟ್ಸ್‌ಆ್ಯಪ್ ಮುಟ್ಟುವ ಮೊದಲೇ, ತಡೆದಿಟ್ಟ ಸಂದೇಶಗಳು ಬರಬೇಕಿತ್ತು. ಆ್ಯಪನ್ನು ತೆರೆದ ಮೇಲೆಯೇ ಬರುತ್ತಿವೆಯೆಂದರೆ ಅದು ನಿದ್ದೆಯಲ್ಲಿಲ್ಲ. ಅದನ್ನು ಯಾರೋ ಪೂರ್ತಿಯಾಗಿ ನಿಲ್ಲಿಸಿದ್ದಾರೆ. ತಾವು ಟ್ಯಾಬ್ಲೆಟ್ ಬಳಸಿ ಕೆಳಗಿಡುವಾಗ ಏನು ಮಾಡುತ್ತೀರಿ ಎಂಬುದನ್ನು ಒಂದೂ ಬಿಡದೆ ಬರೆಯಿರಿ.

ತುಂಗೆಯ ದಡದವ

ಓದಿ ಮುಗಿದ ಮೇಲೆ ಕೆಳಗಿನ ಚೌಕದ ಗುಂಡಿ ಒತ್ತಿ, ‘ಕ್ಲಿಯರ್ ಆಲ್’ ಎಂಬುದನ್ನು ಮುಟ್ಟಿ, ಎಲ್ಲವನ್ನೂ ಗುಡಿಸಿಹಾಕಿ, ಆಮೇಲೆ ಕವರ್ ಮುಚ್ಚುತ್ತೇನೆ. ಟ್ಯಾಬ್ಲೆಟ್ ನಿಧಾನವಾಗಿದೆಯೆಂದು ಪೇಟೆಯ ಅಂಗಡಿಗೆ ಒಯ್ದಾಗ ಅದೇ ಹುಡುಗ ಇದನ್ನು ಕಲಿಸಿಕೊಟ್ಟಿದ್ದ. ಅದು ದೀಪಾವಳಿಗೆ ತುಸು ಮೊದಲು. ಓಹೋ.

ಉತ್ತರ: ಬೆಸುಗೆ ಕಡ್ಡಿ, ಬೆಂಗಳೂರು

ಆ ‘ಓಹೋ’ ಸರಿಯಾದ ಜಾಗದಲ್ಲೇ ಬಂದಿದೆ. ಮೂಲ ಆಂಡ್ರಾಯ್ಡ್‌ನಲ್ಲಿ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಒಂದನ್ನು ಸರಿಸಿದರೆ ಪುಶ್ ಸೇವೆಗೆ ಏನೂ ಆಗುವುದಿಲ್ಲ. ಕರೆ ಬಂದಾಗ ಅದು ಮತ್ತೆ ಏಳುತ್ತದೆ. ಆದರೆ ಕೆಲವು ತಯಾರಕರ ಸಾಧನಗಳಲ್ಲಿ ಹಾಗೆ ಗುಡಿಸುವುದೂ ಸೆಟ್ಟಿಂಗ್ಸ್‌ನಲ್ಲಿರುವ ‘ಫೋರ್ಸ್ ಸ್ಟಾಪ್’ ಗುಂಡಿ ಒತ್ತುವುದೂ ಒಂದೇ ಆಗಿಬಿಡುತ್ತದೆ. ಫೋರ್ಸ್ ಸ್ಟಾಪ್ ಆದ ಆ್ಯಪ್ ಅನ್ನು ಬಳಕೆದಾರ ಸ್ವತಃ ತೆರೆಯುವವರೆಗೆ ಹೊರಗಿನ ಸಂದೇಶದಿಂದ ಎಬ್ಬಿಸಬಾರದು ಎಂಬ ಕ್ರಮ 2011ರ ಆಂಡ್ರಾಯ್ಡ್ 3.1ರಿಂದಲೂ ಇದೆ. ಗೂಗಲ್ ಪುಶ್ ಸೇವೆಯೂ ಅದಕ್ಕೆ ಬದ್ಧ. ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿ, ಒಳಗಿನವರು ಓಗೊಡುತ್ತಿಲ್ಲವೆಂದು ನಾವು ದೂರುತ್ತಿದ್ದೇವೆ. ಕೈಯಲ್ಲಿರುವಾಗ ರಿಂಗ್ ಆದದ್ದು ಏಕೆಂದರೆ ಆಗ ತಾವು ವಾಟ್ಸ್‌ಆ್ಯಪ್ ತೆರೆದು, ಇನ್ನೂ ಗುಡಿಸಿರಲಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಗುಡಿಸುವುದನ್ನು ಬಿಡಿ; ಆಂಡ್ರಾಯ್ಡ್ ತನಗೆ ಜಾಗ ಬೇಕಾದಾಗ ಹಳೆಯ ಆ್ಯಪ್‌ಗಳನ್ನು ತಾನೇ ಹೊರಹಾಕುತ್ತದೆ. ಕೈ ತಡೆಯದಿದ್ದರೆ, ಅದೇ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿದಾಗ ಬೀಗದ ಗುರುತು ಕಂಡರೆ ಅದನ್ನು ಹಾಕಿಡಿ. ಬೀಗ ಹಾಕಿದ ಆ್ಯಪ್ ‘ಕ್ಲಿಯರ್ ಆಲ್’ನಿಂದ ಉಳಿಯುತ್ತದೆ. ಜೊತೆಗೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ವಾಟ್ಸ್‌ಆ್ಯಪ್ ಆರಿಸಿ, ಬ್ಯಾಟರಿ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ‘ಆಟೋ ಸ್ಟಾರ್ಟ್’ ಎಂಬುದಿದ್ದರೆ ಅದನ್ನೂ ಆನ್ ಮಾಡಿ. ಈ ಹೆಸರುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಕೊನೆಗೆ ವಾಟ್ಸ್‌ಆ್ಯಪ್ ಒಮ್ಮೆ ತೆರೆದು, ಹೋಮ್ ಗುಂಡಿ ಒತ್ತಿ ಹೊರಬನ್ನಿ.

ಉತ್ತರ: ಒಂಟಿಕೊಪ್ಪಲು

ಐಪ್ಯಾಡ್ ಬಳಸುವವರು ಈ ಚರ್ಚೆ ಓದಿದರೆ ಅವರಿಗಾಗಿ ಎರಡು ಮಾತು. ಅಲ್ಲಿ ಗುಡಿಸುವುದರ ತೊಂದರೆಗಿಂತ, ಕರೆ-ಸೂಚನೆಗಳ ಸದ್ದು ತಡೆಯುವ ‘ಫೋಕಸ್’ ಎಂಬ ಸೌಲಭ್ಯದ ತೊಂದರೆ ಹೆಚ್ಚು. ಫೋಕಸ್‌ನಲ್ಲಿ ‘ಶೇರ್ ಅಕ್ರಾಸ್ ಡಿವೈಸಸ್’ ಆನ್ ಇದ್ದರೆ ಐಫೋನ್‌ನಲ್ಲಿ ಸಭೆಗೆಂದು ಹಾಕಿಕೊಂಡ ಮೌನವು ಮನೆಯಲ್ಲಿರುವ ಐಪ್ಯಾಡ್‌ಗೂ ತಗಲುತ್ತದೆ. ನಮ್ಮ ಮನೆಯಲ್ಲಿ ನಾನು ಕಚೇರಿಯಲ್ಲಿ ಕುಳಿತಷ್ಟು ಹೊತ್ತೂ ಅಮ್ಮನ ಕೈಯಲ್ಲಿನ ಐಪ್ಯಾಡ್ ಮೂಕವಾಗಿರುತ್ತಿತ್ತು. ಅದರಲ್ಲಿದ್ದದ್ದು ನನ್ನದೇ ಆ್ಯಪಲ್ ಖಾತೆ. ಐಫೋನ್‌ಗೆ ಬರುವ ಸಾಮಾನ್ಯ ಕರೆ ಐಪ್ಯಾಡ್‌ನಲ್ಲೂ ರಿಂಗ್ ಆಗಬೇಕಾದರೆ ಎರಡೂ ಒಂದೇ ಖಾತೆಯಲ್ಲಿ, ಒಂದೇ ವೈ-ಫೈನಲ್ಲಿ ಇರಬೇಕು, ಜೊತೆಗೆ ಐಫೋನ್‌ನಲ್ಲಿ ‘ಕಾಲ್ಸ್ ಆನ್ ಅದರ್ ಡಿವೈಸಸ್’ ಆನ್ ಆಗಿರಬೇಕು.

ತುಂಗೆಯ ದಡದವ

ನಾಲ್ಕು ದಿನಗಳ ವರದಿ. ಬೀಗ ಹಾಕಿದೆ, ಬ್ಯಾಟರಿಯ ಕಟ್ಟು ಸಡಿಲಿಸಿದೆ. ಹಗಲಿನಲ್ಲಿ ಶಿವಮೊಗ್ಗದ ತಮ್ಮನಿಂದ ಮೂರು ಬಾರಿ ಕರೆ ಮಾಡಿಸಿದೆ. ಮೂರು ಬಾರಿಯೂ ರಿಂಗ್ ಆಯಿತು. ಆದರೆ ರಾತ್ರಿ ಮಗಳು ಮಾಡಿದಾಗ ಮತ್ತೆ ಮೌನ! ಈ ಸಲ ಅವಳ ಪರದೆಯಲ್ಲಿ ‘ರಿಂಗಿಂಗ್’ ಎಂದು ಬಂದಿತ್ತಂತೆ. ನಾನು ಪಕ್ಕದಲ್ಲೇ ಕುಳಿತು ಪುಸ್ತಕ ಓದುತ್ತಿದ್ದೆ.

ಉತ್ತರ: ಬೆಸುಗೆ ಕಡ್ಡಿ, ಬೆಂಗಳೂರು

ಕರೆ ಮುಟ್ಟಿದೆ, ಸದ್ದು ಮಾತ್ರ ತಡೆಯಲ್ಪಟ್ಟಿದೆ. ಹಾಗಾದರೆ ಇದು ಎರಡನೆಯ, ಬೇರೆಯದೇ ದೋಷ. ರಾತ್ರಿ ಪರದೆಯ ಮೇಲಂಚಿನಲ್ಲಿ ಅಡ್ಡಗೆರೆಯ ವೃತ್ತವೋ ಚಂದ್ರನ ಚಿತ್ರವೋ ಕಾಣುತ್ತಿದೆಯೇ ನೋಡಿ. ‘ಡು ನಾಟ್ ಡಿಸ್ಟರ್ಬ್’ಗೆ ಅಥವಾ ಮಲಗುವ ಹೊತ್ತಿನ ಮೋಡ್‌ಗೆ ಯಾರೋ ವೇಳಾಪಟ್ಟಿ ಹಾಕಿರಬೇಕು. ಜೂನ್‌ನಿಂದಲೂ ಅದಿದ್ದರೆ ಅಕ್ಟೋಬರ್‌ವರೆಗೆ ತೊಂದರೆ ಕೊಡದಿದ್ದುದು ಹೇಗೆ ಎಂಬುದು ಮಾತ್ರ ನನಗೆ ಬಗೆಹರಿಯುತ್ತಿಲ್ಲ.

ತುಂಗೆಯ ದಡದವ

ಅದನ್ನು ನಾನು ಬಗೆಹರಿಸಿದೆ, ನಲವತ್ತು ವರ್ಷ ಭೂಗೋಳ ಕಲಿಸಿದ್ದು ವ್ಯರ್ಥವಾಗಲಿಲ್ಲ. ನಿದ್ದೆ ಕೆಡದಿರಲೆಂದು ಮಗಳೇ ಹೊರಡುವ ಮುನ್ನ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಮೌನವಾಗಿರುವಂತೆ ಹೊಂದಿಸಿದ್ದಳು. ಬೇಸಿಗೆಯ ಕಾಲಮಾನದಲ್ಲಿ ಐರ್ಲೆಂಡ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿಯ ಸಂಜೆ ಆರು ಎಂದರೆ ಇಲ್ಲಿ ಹತ್ತೂವರೆ. ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಅವಳ ಸಂಜೆ ಆರು ನಮ್ಮ ಹನ್ನೊಂದೂವರೆಯಾಯಿತು, ಕರೆಯು ಮೌನದ ಅವಧಿಯೊಳಗೆ ಬಿತ್ತು. ಗುಡಿಸುವ ಪಾಠವೂ ಅದೇ ತಿಂಗಳಲ್ಲಿ ಆದ್ದರಿಂದ ಎರಡು ದೋಷಗಳು ಒಂದೇ ಆಗಿ ಕಂಡವು.

ವೇಳಾಪಟ್ಟಿಯನ್ನು ಪೂರ್ತಿ ತೆಗೆದರೆ ಮುಂಜಾನೆ ನಾಲ್ಕಕ್ಕೇ ಹಳೆಯ ವಿದ್ಯಾರ್ಥಿಗಳ ಗುಂಪಿನ ಶುಭೋದಯಗಳು ಎಬ್ಬಿಸುತ್ತವೆ. ಮಗಳ ಹೆಸರೊಂದನ್ನೇ ಹೊರತುಪಡಿಸಲು ಬರುತ್ತದೆಯೇ?

ಉತ್ತರ: ಹುಬ್ಬಳ್ಳಿಯ ಓದುಗ

ಡು ನಾಟ್ ಡಿಸ್ಟರ್ಬ್‌ನಲ್ಲಿ ವ್ಯಕ್ತಿಗಳಿಗೆ ವಿನಾಯಿತಿ ಕೊಡುವ ಜಾಗವಿದೆ. ಆದರೆ ಅದನ್ನು ಮುಖ್ಯವಾಗಿ ಸಿಮ್‌ನ ಕರೆಗಳಿಗೆಂದು ಮಾಡಿರುವುದರಿಂದ ವಾಟ್ಸ್‌ಆ್ಯಪ್ ಕರೆಗೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಅದೇ ಪುಟದಲ್ಲಿ ಆ್ಯಪ್‌ಗಳಿಗೆ ವಿನಾಯಿತಿ ಕೊಡುವ ಜಾಗದಲ್ಲಿ ವಾಟ್ಸ್‌ಆ್ಯಪ್ ಸೇರಿಸಿ. ಆ ಬಳಿಕ ವಾಟ್ಸ್‌ಆ್ಯಪ್‌ನೊಳಗೆ ಹೋಗಿ ಹಳೆಯ ವಿದ್ಯಾರ್ಥಿಗಳ ಗುಂಪನ್ನು ಮ್ಯೂಟ್ ಮಾಡಿ, ‘ಆಲ್ವೇಸ್’ ಎಂಬುದನ್ನು ಆರಿಸಿ. ಇಷ್ಟೂ ಕಷ್ಟವೆನಿಸಿದರೆ ಮೌನದ ಆರಂಭವನ್ನು ಹನ್ನೆರಡೂವರೆಗೆ ತಳ್ಳಿ.

ಉತ್ತರ: ಬೆಸುಗೆ ಕಡ್ಡಿ, ಬೆಂಗಳೂರು

ಗಡಿಯಾರದ ವಿಷಯ ನನಗೆ ಹೊಳೆದೇ ಇರಲಿಲ್ಲ, ಮೇಷ್ಟರೇ. ಇನ್ನು ಎರಡು ಎಚ್ಚರಿಕೆಗಳು. ಟ್ಯಾಬ್ಲೆಟ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಬ್ಯಾಟರಿಯ ಆಯ್ಕೆ ಹಿಂದಿನಂತಾಗಿಬಿಡಬಹುದು, ಆಗೊಮ್ಮೆ ನೋಡಿಕೊಳ್ಳಿ. ಮತ್ತೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಟ್ಯಾಬ್ಲೆಟ್ ಬದುಕಿದ್ದರೂ ರೂಟರ್ ಸತ್ತಿರುತ್ತದೆ. ಅದರ ಪ್ಲಗ್ಗನ್ನು ಇನ್ವರ್ಟರ್‌ನ ಸಾಲಿಗೆ ಬದಲಾಯಿಸಿ.

ತುಂಗೆಯ ದಡದವ

ವಾಟ್ಸ್‌ಆ್ಯಪ್‌ಗೆ ವಿನಾಯಿತಿ ಕೊಟ್ಟೆ, ಗುಂಪನ್ನು ಮ್ಯೂಟ್ ಮಾಡಿದೆ. ನಿನ್ನೆ ರಾತ್ರಿ ಹನ್ನೊಂದೂ ಮೂವತ್ತೈದಕ್ಕೆ ರಿಂಗ್ ಆಯಿತು, ಮಲಗಿದ್ದ ನನ್ನಾಕೆಯೂ ಎದ್ದು ಬಂದಳು. ರೂಟರ್‌ನ ಪ್ಲಗ್ ಬದಲಾಯಿಸಲು ನಾಳೆ ಎಲೆಕ್ಟ್ರಿಷಿಯನ್ ಬರುತ್ತೇನೆಂದಿದ್ದಾನೆ.