ಸ್ಪೇಸು, ಬ್ರಾಕೆಟ್ಟು ತುಂಬಿರೋ ಫೈಲ್ ಹೆಸರುಗಳನ್ನ ಒಟ್ಟಿಗೆ ಬದಲಾಯಿಸೋದು ಹೇಗೆ?

ಪ್ರಶ್ನೆ:
ಒಂದು ಫೋಲ್ಡರಲ್ಲಿ 400 ಚಿಲ್ಲರೆ ಆಡಿಯೋ ಫೈಲ್ ಇವೆ, ಹೆಸರುಗಳು ಒಂದಕ್ಕಿಂತ ಒಂದು ದರಿದ್ರ, ಕೆಲವದರಲ್ಲಿ ಸ್ಪೇಸು, ಕೆಲವದರಲ್ಲಿ ಬ್ರಾಕೆಟ್ಟು, ಪ್ರಶ್ನೆ ಚಿಹ್ನೆ, ಅರ್ಧಕ್ಕರ್ಧ ಹೆಸರು ಕನ್ನಡದಲ್ಲೇ ಇದೆ, ಒಂದಂತೂ ಹೈಫನ್ನಿಂದಲೇ ಶುರುವಾಗತ್ತೆ. ಟರ್ಮಿನಲ್ಲಲ್ಲಿ ಎಲ್‌ಎಸ್ (ಫೈಲ್ ಪಟ್ಟಿ ಕೊಡೋ ಕಮಾಂಡ್) ಔಟ್‌ಪುಟ್ ಮೇಲೆ ಫಾರ್ ಲೂಪ್ ಹಾಕಿ ಎಂವಿ (ಹೆಸರು ಬದಲಾಯಿಸೋ ಕಮಾಂಡ್) ಮಾಡಿದ್ರೆ "ಪಾಠ 3 (ಹೊಸದು)" ಅನ್ನೋ ಒಂದೇ ಫೈಲನ್ನ ಮೂರು ತುಂಡು ಮಾಡಿ ಇಂಥ ಫೈಲೇ ಇಲ್ಲ ಅಂತ ಮೂರು ಸಲ ಬಯ್ಯತ್ತೆ. ಹೈಫನ್ ಫೈಲಿಗೆ ಬಂದ್ರೆ ಇನ್‌ವ್ಯಾಲಿಡ್ ಆಪ್ಶನ್ ಅಂತೆ. ಆ ಚಿಹ್ನೆ ಇದ್ದಲ್ಲೆಲ್ಲ ಅಂಡರ್‌ಸ್ಕೋರ್ ಬಂದ್ರೆ ಸಾಕು ನಂಗೆ.

ಉತ್ತರ 1:
ಮೊದ್ಲು ಎಲ್‌ಎಸ್ ಬಿಡಿ ಸಾರ್. ಅದರ ಔಟ್‌ಪುಟ್ಟನ್ನ ಶೆಲ್ಲು (ನಿಮ್ಮ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂ) ಸ್ಪೇಸ್ ಕಂಡಲ್ಲೆಲ್ಲ ಕತ್ತರಿಸತ್ತೆ. ಲೂಪಲ್ಲಿ ಡಾಟ್ ಸ್ಲ್ಯಾಶ್ ಸ್ಟಾರ್ (ಈ ಫೋಲ್ಡರಿನ ಎಲ್ಲ ಫೈಲು) ಅಂತ ಕೊಡಿ, ಆಗ ಒಂದು ಫೈಲು ಒಂದೇ ಹೆಸರಾಗಿ ಬರತ್ತೆ, ಹೆಸರು ಡಾಟ್ ಸ್ಲ್ಯಾಶಿಂದ ಶುರುವಾಗೋದ್ರಿಂದ ಹೈಫನ್ ಹೆಸರನ್ನ ಆಪ್ಶನ್ ಅಂದ್ಕೊಳ್ಳೋ ರಗಳೆನೂ ಮುಗೀತು. ಒಳಗೆ ವೇರಿಯಬಲ್ಲನ್ನ ಡಬಲ್ ಕೋಟಲ್ಲಿ ಹಾಕೋದು ಮರೀಬೇಡಿ, ಮರೆತ್ರೆ ಮತ್ತೆ ಅದೇ ಕಥೆ.

ಉತ್ತರ 2:
ಇಷ್ಟೆಲ್ಲ ಯಾಕೆ ಗುರು, ಹೆಸರನ್ನ ಟಿಆರ್ ಮೈನಸ್ ಸಿ ಗೆ (ಹೇಳಿದ ಅಕ್ಷರ ಬಿಟ್ಟು ಮಿಕ್ಕಿದ್ದನ್ನ ಬದಲಾಯಿಸೋ ಕಮಾಂಡ್) ಪೈಪ್ ಮಾಡು, ಅಂದ್ರೆ ದಾಟಿಸು, ಇಂಗ್ಲಿಷ್ ಅಕ್ಷರ, ಅಂಕಿ, ಡಾಟ್ ಬಿಟ್ಟು ಮಿಕ್ಕಿದ್ದೆಲ್ಲ ಅಂಡರ್‌ಸ್ಕೋರ್. ಒಂದೇ ಲೈನು.

ಉತ್ತರ 3:
ಅಯ್ಯೋ ಬೇಡ ಮಾರಾಯ್ರೆ, ಹೆಸರು ಕನ್ನಡದಲ್ಲಿದೆ ಅಂದಿದಾರಲ್ಲ! ಗ್ನೂ ಟಿಆರ್ ನೋಡೋದು ಬೈಟ್, ಅಕ್ಷರ ಅಲ್ಲ. ಅಕ್ಷರಗಳನ್ನ ಬೈಟಾಗಿ ಬರೆದಿಡೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟೂ (ಅಕ್ಷರ ಅಥವಾ ಅದರ ಚಿಹ್ನೆ) 3 ಬೈಟು, "ಸರಳ" ಅನ್ನೋದು 9 ಅಂಡರ್‌ಸ್ಕೋರ್ ಆಗತ್ತೆ, "ಗಮಕ" ಅನ್ನೋದೂ 9. ಎರಡನೇದು ಮೊದಲನೇದರ ಮೇಲೆ ಕೂತ್ಕೊಳ್ಳತ್ತೆ, ಎಂವಿ ತುಟಿಪಿಟಕ್ ಅನ್ನಲ್ಲ. ನಾನು ಹಿಂಗೇ ಒಂದು ಫೋಲ್ಡರ್ ಫೋಟೋ ಕಳ್ಕೊಂಡಿದೀನಿ, ಬ್ಯಾಕಪ್ಪೂ ಇರ್ಲಿಲ್ಲ.

ಉಳಿಸ್ಬೇಕಾದ ಅಕ್ಷರ ಹೇಳೋ ಬದ್ಲು ತೆಗೀಬೇಕಾದ ಚಿಹ್ನೆ ಮಾತ್ರ ಹೇಳಿ. ಸ್ಪೇಸು, ಬ್ರಾಕೆಟ್ಟು ಇವೆಲ್ಲ ಒಂದೊಂದೇ ಬೈಟು, ಕನ್ನಡ ಅಕ್ಷರದ ಒಳಗೆ ಆ ಬೈಟು ಬರೋದೇ ಇಲ್ಲ, ಹಾಗಾಗಿ ಕನ್ನಡಕ್ಕೆ ಏನೂ ಆಗಲ್ಲ. ಪರ್ಲ್ ರಿನೇಮ್ (ಒಟ್ಟಿಗೆ ಹೆಸರು ಬದಲಾಯಿಸೋ ಕಮಾಂಡ್) ಇದ್ರೆ ಎಸ್ ಸ್ಲ್ಯಾಶ್, ಚೌಕ ಬ್ರಾಕೆಟ್ ಒಳಗೆ ಬೇಡದ ಚಿಹ್ನೆಗಳು, ಸ್ಲ್ಯಾಶ್, ಅಂಡರ್‌ಸ್ಕೋರ್, ಸ್ಲ್ಯಾಶ್, ಜಿ, ಇಷ್ಟನ್ನೂ ಸಿಂಗಲ್ ಕೋಟಲ್ಲಿ ಹಾಕಿ. ಮೊದ್ಲು ಮೈನಸ್ ಎನ್ ಕೊಟ್ಟು ನೋಡಿ, ಏನೂ ಮಾಡದೆ ಬರೀ ತೋರ್ಸತ್ತೆ. ಆದ್ರೆ ಎಂವಿಗೆ ಅದೇ ಮೈನಸ್ ಎನ್ ಕೊಟ್ರೆ ಅರ್ಥ ಬೇರೆ, ಇರೋ ಫೈಲ್ ಮೇಲೆ ಬರೀಬೇಡ ಅಂತ, ಮಿಕ್ಕಿದ್ದನ್ನೆಲ್ಲ ನಿಜವಾಗ್ಲೂ ಬದಲಾಯಿಸಿಬಿಡತ್ತೆ.

ಪ್ರಶ್ನೆ ಕೇಳಿದವರು:
ಟಿಆರ್ ಓಡಿಸೋಕೆ ಎಂಟರ್ ಮೇಲೆ ಬೆರಳಿಟ್ಟಿದ್ದೆ, ಬಚಾವ್. ರಿನೇಮ್ ಕೆಲಸ ಮಾಡ್ತು. ಆದ್ರೆ ಈಗ "ರೆಕಾರ್ಡ್" ಅಂತ ಎರಡು ಫೈಲ್ ಕಾಣ್ತಿವೆ, ಎಕ್ಸ್‌ಟೆನ್ಶನ್ ಕೂಡ ಒಂದೇ, ಒಂದೇ ಫೋಲ್ಡರಲ್ಲಿ ಹೆಂಗೆ ಸಾಧ್ಯ?

ಉತ್ತರ 3:
ಕಣ್ಣಿಗೆ ಒಂದೇ ಅಷ್ಟೆ. ಈಗ ಮಾತ್ರ ಎಲ್‌ಎಸ್ ಬಳಸಿ, ಹೆಸರಿನ ಬೈಟುಗಳನ್ನ ತೋರ್ಸೋ ಎಕ್ಸ್‌ಎಕ್ಸ್‌ಡಿಗೆ ಪೈಪ್ ಮಾಡಿ. ಒಂದರಲ್ಲಿ ಡಾಟ್‌ಗೆ ಮುಂಚೆ ಇ2 80 8ಸಿ ಅಂತ ಇದ್ರೆ ಅದು ಕೊನೇ ಅರ್ಧಾಕ್ಷರದ ಹಿಂದೆ ಸೇರ್ಕೊಂಡಿರೋ ಝೀರೋ ವಿಡ್ತ್ ನಾನ್ ಜಾಯ್ನರ್, ಕಣ್ಣಿಗೆ ಕಾಣದ ಚಿಹ್ನೆ.

ಪ್ರಶ್ನೆ ಕೇಳಿದವರು:
ಇದೆ, ಸಿಕ್ತು ಕಳ್ಳ.