ಆಕ್ಸಿಡೆಂಟ್ ಆದವ್ರನ್ನ ತಣ್ಣಗಿಡಬೇಕಾ ಬೆಚ್ಚಗಿಡಬೇಕಾ? ಯಾರಾದ್ರೂ ತಿಳ್ಸಿ

ಹಿರಿಯೂರ್ ಹುಡುಗ:
ಎಲ್ರಿಗೂ ನಮಸ್ಕಾರ. ಒಂದ್ ವಿಷ್ಯ ತುಂಬಾ ದಿನದಿಂದ ತಲೇಲಿ ಕೊರೀತಿದೆ. ಹೋದ್ ಡಿಸೆಂಬರಲ್ಲಿ ನಮ್ ಚಿಕ್ಕಪ್ಪಂಗೆ ರಾತ್ರಿ ಹೈವೇಲಿ ಬೈಕ್ ಆಕ್ಸಿಡೆಂಟ್ ಆಯ್ತು, ತೊಡೆ ಮೂಳೆ ಮುರ್ದು ಸಿಕ್ಕಾಪಟ್ಟೆ ರಕ್ತ ಹೋಗಿತ್ತು, ಆಂಬುಲೆನ್ಸಿಗೆ ಕಾಯೋಕೆ ಧೈರ್ಯ ಬರ್ದೆ ನಮ್ ಕಾರಲ್ಲೇ ಮಲಗಿಸ್ಕೊಂಡು ಹೊರಟ್ವಿ. ಮೈಯೆಲ್ಲಾ ಬೆವರ್ತಿದ್ರು, ಅದಕ್ಕೆ ನಾನೇ ಎಸಿ ಫುಲ್ ಇಟ್ಟೆ, ಟವೆಲ್ ಒದ್ದೆ ಮಾಡ್ಕೊಂಡು ಮುಖ ಎದೆ ಎಲ್ಲಾ ಒರೆಸ್ತಾ ಹೋದೆ. ಆಸ್ಪತ್ರೇಲಿ ಸಿಸ್ಟರ್ ಕೈ ಮುಟ್ಟಿ ನೋಡಿ "ಏನ್ರೀ ಇಷ್ಟ್ ತಣ್ಣಗ್ ಮಾಡ್ಕೊಂಡ್ ಬಂದಿದೀರ" ಅಂತ ಬೈದು, ಒದ್ದೆ ಶರ್ಟನ್ನ ಕತ್ತರಿ ಹಾಕಿ ತೆಗ್ದು ಎರಡೆರಡು ಕಂಬಳಿ ಹೊದಿಸಿದ್ರು, ಸಲೈನ್ ಕೂಡ ಬೆಚ್ಚಗ್ ಮಾಡಿ ಹಾಕಿದ್ರು. ಚಿಕ್ಕಪ್ಪ ಉಳ್ಕೊಂಡ್ರು, ಈಗ ಕೋಲು ಹಿಡ್ಕೊಂಡು ತೋಟಕ್ಕೆ ಹೋಗ್ತಾರೆ. ಆದ್ರೆ ಮೊನ್ನೆ ವಾಟ್ಸಾಪಲ್ಲಿ ಬಂದಿತ್ತು, ಅಮೆರಿಕದಲ್ಲಿ ರಕ್ತ ಹೋಗಿ ಸತ್ತೇ ಹೋದವ್ರನ್ನ 10 ಡಿಗ್ರಿಗೆ ತಣ್ಣಗ್ ಮಾಡಿ ಆಪರೇಷನ್ ಮಾಡಿ ವಾಪಸ್ ಬದುಕಿಸ್ತಾರಂತೆ. ಹಾಗಾದ್ರೆ ಯಾವುದು ಸರಿ? ನಾನ್ ಮಾಡಿದ್ದು ತಪ್ಪಾ?

ಪಂಪ್ ಪಕ್ಕದವ:
ನಾನು ಬೆಂಗಳೂರಲ್ಲಿ ಪರ್ಫ್ಯೂಷನಿಸ್ಟ್, ಅಂದ್ರೆ ಹಾರ್ಟ್ ಆಪರೇಷನ್ ಟೈಮಲ್ಲಿ ಹಾರ್ಟ್ ಲಂಗ್ ಮಷೀನ್ ನಡೆಸೋನು. ನಿಮ್ ಪ್ರಶ್ನೆ ತುಂಬಾ ಒಳ್ಳೇದು ಯಾಕಂದ್ರೆ ಎರಡೂ ನಿಜ, ಸಂದರ್ಭ ಬೇರೆ ಅಷ್ಟೆ.

ಮೈ 37 ಡಿಗ್ರಿ ಇದ್ದಾಗ ರಕ್ತ ನಿಂತ್ರೆ ನಾಲ್ಕೈದು ನಿಮಿಷಕ್ಕೆ ಮೆದುಳು ಹಾಳಾಗೋಕೆ ಶುರುವಾಗುತ್ತೆ. ತಣ್ಣಗಾದಷ್ಟೂ ಅದಕ್ಕೆ ಬೇಕಾದ ಆಕ್ಸಿಜನ್ ಕಮ್ಮಿ ಆಗ್ತಾ ಹೋಗುತ್ತೆ. ಮಹಾಪಧಮನಿ, ಅಂದ್ರೆ ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳ, ಅದು ಬಾಗೋ ಕಮಾನಿನ ಜಾಗ ರಿಪೇರಿ ಮಾಡೋ ಕೇಸಲ್ಲಿ ನಾವು ಇದನ್ನೇ ಮಾಡೋದು. ಮಷೀನಿಂದ ರಕ್ತ ತಣ್ಣಗ್ ಮಾಡ್ತಾ ಮಾಡ್ತಾ 18-20 ಡಿಗ್ರಿಗೆ ಇಳಿಸ್ತೀವಿ, ತಲೆ ಸುತ್ತ ಐಸ್ ಇಡ್ತೀವಿ, ಆಮೇಲೆ ಸರ್ಜನ್ ಹೇಳಿದ ತಕ್ಷಣ ಪಂಪ್ ಆಫ್. ಮಾನಿಟರಲ್ಲಿ ಎಲ್ಲಾ ಗೆರೆ ನೆಟ್ಟಗೆ, ಪೇಷಂಟ್ ಮೈಯಲ್ಲಿ ರಕ್ತ ಹರೀತಾನೇ ಇಲ್ಲ, ನಾನು ಜೋರಾಗಿ ನಿಮಿಷ ಲೆಕ್ಕ ಹೇಳ್ತಿರ್ತೀನಿ, ಐದು, ಹತ್ತು, ಹದಿನೈದು. ಎಷ್ಟು ವರ್ಷ ಆದ್ರೂ ಆ ಹೊತ್ತಲ್ಲಿ ನನ್ ಎದೆ ಡವಡವ ಅನ್ನೋದು ನಿಂತಿಲ್ಲ. ಅರ್ಧ ಗಂಟೆ ಆಸುಪಾಸಲ್ಲಿ ಹೊಲಿಗೆ ಮುಗಿಸಿ ಮತ್ತೆ ಪಂಪ್ ಆನ್ ಮಾಡಿ ನಿಧಾನಕ್ಕೆ ಬೆಚ್ಚಗ್ ಮಾಡ್ತೀವಿ.

ಈಗ ಇನ್ನೊಂದು ಮುಖ ಕೇಳಿ. ಇಷ್ಟು ತಣ್ಣಗಾದ ಪೇಷಂಟ್ಸಿಗೆ ಆಮೇಲೆ ರಕ್ತ ಜಿನುಗೋದು ನಿಲ್ಲಿಸೋದೇ ಒಂದು ಹೋರಾಟ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಪ್ಲಾಸ್ಮಾ ಎಲ್ಲಾ ಏರಿಸ್ಬೇಕು. ತಣ್ಣಗಿರೋ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ. ನಿಮ್ ಚಿಕ್ಕಪ್ಪಂದು ಹಾರ್ಟ್ ಹೊಡ್ಕೊತಾನೇ ಇತ್ತು, ರಕ್ತ ಸೋರ್ತಾನೇ ಇತ್ತು, ಅಂಥವ್ರಿಗೆ ಮೈ 34-35ಕ್ಕೆ ಇಳಿದ್ರೂ ಅಪಾಯ. ಮೈ ತಣ್ಣಗಾಗೋದು, ರಕ್ತದಲ್ಲಿ ಆಮ್ಲ ಜಾಸ್ತಿ ಆಗೋದು, ಹೆಪ್ಪುಗಟ್ಟದೇ ಇರೋದು, ಈ ಮೂರೂ ಒಂದಕ್ಕೊಂದು ತಿದಿ ಒತ್ತುತ್ತೆ. ಸಿಸ್ಟರ್ ಸಿಟ್ಟಾಗಿದ್ದು ಅದಕ್ಕೆ. ಆ ಬೆವರು ಸೆಕೆಗೆ ಬಂದ ಬೆವರಲ್ಲ, ರಕ್ತ ಹೋಗಿ ಶಾಕ್‌ಗೆ, ಅಂದ್ರೆ ಮೈಗೆ ಸಾಕಷ್ಟು ರಕ್ತ ಸಿಗದೇ ಇದ್ದಾಗ, ಬರೋ ತಣ್ಣನೆ ಬೆವರು. ಹೊರಗಿನವ್ರಿಗೆ ಅದು ಗೊತ್ತಾಗಲ್ಲ, ನೀವು ಪ್ರೀತಿಯಿಂದಾನೇ ಮಾಡಿದ್ದು, ಮನಸ್ಸಿಗೆ ಹಚ್ಕೋಬೇಡಿ.

ದೂರದೇಶಿ:
ನಾನು ಅಮೆರಿಕದ ಮೇರಿಲ್ಯಾಂಡಲ್ಲಿ ಐಸಿಯು ನರ್ಸ್, ನೀವು ಹೇಳಿದ ಆ 10 ಡಿಗ್ರಿ ಪ್ರಯೋಗದ ಟ್ರಯಲ್ ಟೀಮಲ್ಲಿ ಇಲ್ಲ, ಆದ್ರೆ ಬಾಲ್ಟಿಮೋರಲ್ಲಿ ನಡೆದದ್ದಾದ್ದರಿಂದ ಮೊದಲಿಂದ ಫಾಲೋ ಮಾಡ್ಕೊಂಡು ಬಂದಿದೀನಿ. ವಾಟ್ಸಾಪ್ ಮೆಸೇಜಲ್ಲಿ ಅರ್ಧ ಮಾತ್ರ ಸರಿ. ಇದನ್ನ ನಡೆಸಿದ್ದು ಡಾ. ಸ್ಯಾಮ್ಯುಯೆಲ್ ಟಿಶರ್ಮನ್, ಮೊದಲು ಪಿಟ್ಸ್‌ಬರ್ಗಲ್ಲಿ ಇದ್ರು, ಸಿಪಿಆರ್ (ಎದೆ ಒತ್ತಿ ಬಾಯಿಂದ ಉಸಿರು ಕೊಡೋದು) ರೂಪಿಸಿದವ್ರಲ್ಲಿ ಒಬ್ಬರಾದ ಪೀಟರ್ ಸಫಾರ್ ಶಿಷ್ಯರು. ಸಫಾರ್ ಮತ್ತೆ ಅಮೆರಿಕ ಸೇನೆ ಡಾಕ್ಟರ್ ರೊನಾಲ್ಡ್ ಬೆಲ್ಲಮಿ 1984ರಲ್ಲೇ ಇದನ್ನ ಯೋಚಿಸಿದ್ರು, ಯುದ್ಧದಲ್ಲಿ ಎಷ್ಟೋ ಸೈನಿಕರಿಗೆ ರಿಪೇರಿ ಮಾಡಬಹುದಾದ ಗಾಯಾನೇ ಇದ್ದು, ಸರ್ಜನ್ ಕೈಗೆ ಸಿಗೋ ಮೊದಲೇ ರಕ್ತ ಸೋರಿ ಸಾಯ್ತಿದ್ರಲ್ಲ, ಟೈಮ್ ಕೊಂಡ್ಕೊಳ್ಳೋಕೆ ದಾರಿ ಹುಡುಕ್ತಿದ್ರು. ನಾಯಿ ಹಂದಿ ಮೇಲೆ ವರ್ಷಗಟ್ಟಲೆ ಪ್ರಯೋಗ ಆದ್ಮೇಲೆ ಮನುಷ್ಯರಿಗೆ ಬಂತು.

ಎಲ್ಲಾ ಆಕ್ಸಿಡೆಂಟಿಗೂ ಅಲ್ಲ. ಗುಂಡು, ಚಾಕು ಗಾಯದಿಂದ ಹಾರ್ಟ್ ನಿಂತೋಗಿ, ಎದೆ ತೆರೆದು ಪ್ರಯತ್ನಪಟ್ರೂ ಶುರುವಾಗ್ದೆ ಇದ್ದವ್ರಿಗೆ ಮಾತ್ರ. ಮಹಾಪಧಮನಿಗೆ ನೇರ ಐಸ್‌ನಷ್ಟು ತಣ್ಣನೆ ಸಲೈನ್ ನುಗ್ಗಿಸಿ 10 ಡಿಗ್ರಿ ಹತ್ತಿರ ತಂದು, ಸುಮಾರು ಎರಡು ಗಂಟೆ ಒಳಗೆ ಗಾಯ ಹೊಲಿದು, ಆಮೇಲೆ ಪಂಪ್ ಪಕ್ಕದವ್ರು ಹೇಳಿದ ಹಾರ್ಟ್ ಲಂಗ್ ಮಷೀನಿಂದಾನೇ ಬೆಚ್ಚಗ್ ಮಾಡೋದು. 2019ರ ನವೆಂಬರಲ್ಲಿ ಟಿಶರ್ಮನ್ ಹೇಳಿದ್ದು ಕನಿಷ್ಠ ಒಬ್ಬರ ಮೇಲೆ ಮಾಡಿದೀವಿ ಅಂತ ಅಷ್ಟೆ, ಎಷ್ಟು ಜನ ಬದುಕಿದ್ರು ಅಂತ ಹೇಳಲಿಲ್ಲ. ಅದನ್ನೇ ಜನ 'ಸತ್ತವ್ರನ್ನ ಎಬ್ಬಿಸಿದ್ರು' ಅಂತ ಮಾಡ್ಬಿಟ್ರು. ಪೇಷಂಟ್ ಕೈಲಿ ಸಹಿ ಹಾಕಿಸೋಕೆ ಆಗಲ್ವಲ್ಲ, ಅದಕ್ಕೆ ಮೊದಲೇ ಊರಿನ ಜನಕ್ಕೆಲ್ಲಾ ತಿಳ್ಸಿ, ಬೇಡ ಅನ್ನೋರು ಹೆಸರು ತೆಗೆಸ್ಕೊಳ್ಳೋಕೆ ವ್ಯವಸ್ಥೆ ಮಾಡಿದ್ರು.

ಎನ್ಐಸಿಯು ಸಿಸ್ಟರ್, ಮಂಗಳೂರು:
ನಾನು ಎನ್ಐಸಿಯು, ಅಂದ್ರೆ ಆಗತಾನೇ ಹುಟ್ಟಿದ ಪಾಪುಗಳ ಐಸಿಯುಲಿ ಇರೋಳು. ತಣ್ಣಗ್ ಮಾಡೋದೆಲ್ಲಾ ಒಳ್ಳೇದು ಅಂತ ಯಾರೂ ತಿಳ್ಕೋಬಾರ್ದು ಅಂತ ಇದನ್ನ ಬರೀತಿದೀನಿ. ಹುಟ್ಟುವಾಗ ಉಸಿರುಕಟ್ಟಿದ ಪಾಪುಗಳನ್ನ 72 ಗಂಟೆ 33.5 ಡಿಗ್ರಿಲಿ ಇಡೋ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಚೆನ್ನಾಗಿ ಕೆಲಸ ಮಾಡ್ತು. ಅದೇ ನಮ್ ಕಡೆ, ಭಾರತ ಶ್ರೀಲಂಕಾ ಬಾಂಗ್ಲಾ ಸೇರಿ 408 ಮಕ್ಕಳ ಮೇಲೆ ಹೆಲಿಕ್ಸ್ ಅಂತ ಸ್ಟಡಿ ಮಾಡಿದ್ರು, ಬೆಂಗಳೂರಿನ ಆಸ್ಪತ್ರೆಗಳೂ ಇದ್ವು. 2021ರಲ್ಲಿ ರಿಸಲ್ಟ್ ಬಂದಾಗ ತಣ್ಣಗಿಟ್ಟ ಮಕ್ಕಳಲ್ಲಿ 42 ಪರ್ಸೆಂಟ್ ತೀರ್ಕೊಂಡಿದ್ವು, ಇಡದೇ ಇದ್ದವ್ರಲ್ಲಿ 31. ಅದನ್ನ ಓದಿದ ದಿನ ನಂಗೆ ಊಟ ಸೇರ್ಲಿಲ್ಲ. ದೊಡ್ಡವ್ರಲ್ಲೂ ಹಾಗೇ, ಹಾರ್ಟ್ ನಿಂತು ವಾಪಸ್ ಬಂದವ್ರನ್ನ 33 ಡಿಗ್ರಿಗೆ ಇಳಿಸೋದು 2002ರಿಂದ ರೂಢಿ ಆಗಿತ್ತು, 2021ರ ದೊಡ್ಡ ಟ್ರಯಲಲ್ಲಿ ಜ್ವರ ಬರ್ದಂಗೆ ನೋಡ್ಕೊಳ್ಳೋದಕ್ಕಿಂತ ಅದೇನೂ ಹೆಚ್ಚು ಲಾಭ ಕೊಡ್ಲಿಲ್ಲ.

ಹಿರಿಯೂರ್ ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದಿ ಮನಸ್ಸು ಹಗುರ ಆಯ್ತು, ಚಿಕ್ಕಮ್ಮಂಗೂ ಓದಿ ಹೇಳ್ದೆ. ಇನ್ನೊಂದೇ ಡೌಟ್. ನಾರ್ವೇಲಿ ಒಬ್ರು ಲೇಡಿ ಐಸ್ ಕೆಳಗೆ ಸಿಕ್ಕಾಕೊಂಡು ಬದುಕಿದ್ರಂತಲ್ಲ, ಹಾಗಾದ್ರೆ ನಮ್ ಕೆರೇಲಿ ಮುಳುಗಿದವ್ರಿಗೂ ಅಷ್ಟ್ ಹೊತ್ತು ಚಾನ್ಸ್ ಇರುತ್ತಾ?

ಪಂಪ್ ಪಕ್ಕದವ:
ಅದು ಆನಾ ಬೋಗೆನ್‌ಹೋಮ್, ಅವರೂ ಡಾಕ್ಟರೇ. 1999ರಲ್ಲಿ ಸ್ಕೀಯಿಂಗ್ ಮಾಡ್ತಾ ಹೆಪ್ಪುಗಟ್ಟಿದ ಹೊಳೆಗೆ ಬಿದ್ದು 80 ನಿಮಿಷ ನೀರಲ್ಲಿದ್ರು, ಮೈ 13.7 ಡಿಗ್ರಿಗೆ ಇಳಿದಿತ್ತು. ಆದ್ರೆ ಮೊದಲ 40 ನಿಮಿಷ ಐಸ್ ಕೆಳಗೆ ಗಾಳಿ ಸಿಕ್ಕಿ ಉಸಿರಾಡ್ತಿದ್ರು, ಅಂದ್ರೆ ಹಾರ್ಟ್ ನಿಲ್ಲೋ ಮೊದಲೇ ಮೆದುಳು ತಣ್ಣಗಾಗಿತ್ತು. ಹೊರಗೆ ತೆಗೆದ ತಕ್ಷಣದಿಂದ ಸಿಪಿಆರ್ ಬಿಡದೆ ಮಾಡ್ತಾ ಹೆಲಿಕಾಪ್ಟರಲ್ಲಿ ಟ್ರೋಮ್ಸೋ ಅನ್ನೋ ಊರಿನ ಆಸ್ಪತ್ರೆಗೆ ಒಯ್ದು ಹಾರ್ಟ್ ಲಂಗ್ ಮಷೀನಿಗೆ ಹಾಕಿದ್ರು. ನಮ್ ಕೆರೆ ಕಾಲುವೆ ನೀರು ಅಷ್ಟು ತಣ್ಣಗಿರಲ್ಲ, ಆಕ್ಸಿಜನ್ ಮೊದಲು ಮುಗಿಯುತ್ತೆ, ಹಾಗಾಗಿ ಅಷ್ಟ್ ಹೊತ್ತು ಸಿಗಲ್ಲ. ದಯವಿಟ್ಟು ತಲೆಕೆಳಗೆ ಹಿಡಿದು ತಿರುಗಿಸೋದು, ಹೊಟ್ಟೆ ಒತ್ತಿ ನೀರು ತೆಗೆಯೋದು ಮಾಡ್ತಾ ಟೈಮ್ ಕಳೀಬೇಡಿ. ಉಸಿರು ಇಲ್ಲ ಅಂದ್ರೆ ದಡದಲ್ಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, ಇನ್ನೊಬ್ರು 108ಕ್ಕೆ ಫೋನ್ ಮಾಡ್ಲಿ, ಆಂಬುಲೆನ್ಸ್ ಬರೋವರ್ಗೂ ಬಿಡಬೇಡಿ. ರಕ್ತ ಹೋಗ್ತಿರೋ ಕೇಸ್ ಆದ್ರೆ ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಅದುಮಿ, ಒದ್ದೆ ಬಟ್ಟೆ ತೆಗೀರಿ, ಸಿಕ್ಕಿದ್ದು ಹೊದಿಸಿ, ಎಸಿ ಆಫ್ ಮಾಡಿ.